ಖೋಲಿ ಅದೇ, ಮಂದಿ ಬೇರೆ

ಪ್ರಶ್ನೆ: ಮೇಡಂ, ನಾನು ಪುಣೆಯ ಪಿಂಪಳೆ ಸೌದಾಗರದಲ್ಲಿರುವ ಸಾಫ್ಟ್‌ವೇರ್ ಉದ್ಯೋಗಿ. ನಾವು ಎಂಟು ಜನ ಕನ್ನಡದ ಗೆಳೆಯರು ಪ್ರತಿ ಭಾನುವಾರ ಶಿರೂರು ತಾಲ್ಲೂಕಿನ ಒಂದು ಹಳ್ಳಿಗೆ ಹೋಗಿ ಮಕ್ಕಳಿಗೆ ಪಾಠ ಹೇಳುತ್ತೇವೆ. ಊರಂಚಿನ 140 ಖೋಲಿಗಳಲ್ಲಿ, ಅಂದರೆ ಬಾಡಿಗೆ ಕೋಣೆಗಳಲ್ಲಿ, ಇರುವವರು ಹೆಚ್ಚುಕಡಿಮೆ ಎಲ್ಲರೂ ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯಿಂದ ದುಡಿಯಲು ಬಂದವರು. ದೀಪಾವಳಿ ಮುಗಿದ ಮೇಲೆ, ನವೆಂಬರ್‌ನಲ್ಲಿ, ಬಾಗಿಲು ತೆರೆದಿದ್ದ 60 ಖೋಲಿಗಳ ಸರ್ವೆ ಮಾಡಿದೆವು. 6ರಿಂದ 14 ವರ್ಷದ 48 ಮಕ್ಕಳಲ್ಲಿ 16 ಮಕ್ಕಳು ಶಾಲೆಗೆ ಹೋಗುತ್ತಿರಲಿಲ್ಲ. ಮೇ ಮೊದಲ ವಾರ ಅದೇ 60 ಖೋಲಿಗಳಿಗೆ ಹೋದಾಗ 50 ಮಕ್ಕಳಲ್ಲಿ 8 ಮಾತ್ರ. 22 ಖೋಲಿಗಳಲ್ಲಿ ಬೇರೆ ಮಂದಿ ಬಂದಿದ್ದರು, ಅವರನ್ನೇ ಕೇಳಿ ಬರೆದುಕೊಂಡೆವು. ನೆರವು ಕೊಡುವ ಕಂಪನಿಯವರಿಗೆ ‘ಶಾಲೆ ಬಿಟ್ಟವರು ಆರು ತಿಂಗಳಲ್ಲಿ ಅರ್ಧಕ್ಕೆ ಇಳಿದರು’ ಎಂದು ಬರೆಯಬಹುದೇ? ಹೋಲಿಕೆಗೆ ಸರ್ಕಾರದ ದೊಡ್ಡ ಸಮೀಕ್ಷೆಗಳಿಂದ ಈ ಹಳ್ಳಿಯ ಅಂಕಿ ಸಿಗುತ್ತದೆಯೇ?

ಉತ್ತರ: ಸದ್ಯಕ್ಕೆ ಬರೆಯಬೇಡಿ. ನಿಮ್ಮ ಪಾಠದಿಂದ ಉಪಯೋಗವಾಗಿಲ್ಲ ಅಂತಲ್ಲ. ಆಗಿದೆಯೋ ಇಲ್ಲವೋ ಅನ್ನುವುದು ಶೇಕಡಾ 33, ಶೇಕಡಾ 16 ಎಂಬ ಈ ಎರಡು ಅಂಕಿಗಳಲ್ಲಿ ಇಲ್ಲ, ಅಷ್ಟೇ. ಆದರೆ ನಿಮ್ಮ ಎಕ್ಸೆಲ್ ಹಾಳೆಯಲ್ಲಿ ಇದೆ. ನಿಮ್ಮ ಕಾಗದದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಮಾತು ನೀವು ಹೋಗುಹೋಗುತ್ತ ಹೇಳಿದ ಆ 22 ಖೋಲಿಗಳದು. ಅಲ್ಲಿಂದಲೇ ಶುರುಮಾಡುತ್ತೇನೆ.

ನವೆಂಬರ್‌ನಲ್ಲಿ ನೋಡಿದ 60 ಕುಟುಂಬಗಳಲ್ಲಿ 38 ಉಳಿದವು, 22 ಹೋದವು, 22 ಹೊಸದಾಗಿ ಬಂದವು. ಈಗ ಹೀಗೆ ಇಟ್ಟುಕೊಳ್ಳಿ. ಉಳಿದ 38 ಮನೆಗಳಲ್ಲಿ 30 ಮಕ್ಕಳು, ಅವರಲ್ಲಿ ಶಾಲೆಗೆ ಹೋಗದವರು ನವೆಂಬರ್‌ನಲ್ಲಿ 6, ಮೇ ತಿಂಗಳಲ್ಲಿ 5. ಹೋದ 22 ಮನೆಗಳಲ್ಲಿ 18 ಮಕ್ಕಳಿದ್ದರು, ಅವರಲ್ಲಿ 10 ಮಕ್ಕಳು ಶಾಲೆಯ ಹೊರಗೆ. ಹೊಸದಾಗಿ ಬಂದ ಮನೆಗಳಲ್ಲಿ 20 ಮಕ್ಕಳು, ಅವರಲ್ಲಿ 3 ಹೊರಗೆ. ಕೂಡಿಸಿ ನೋಡಿ: ಮೊದಲು 48ರಲ್ಲಿ 16, ಆಮೇಲೆ 50ರಲ್ಲಿ 8. ನಿಮ್ಮದೇ ಅಂಕಿ! ಆದರೆ ಇಲ್ಲಿ ಶಾಲೆಗೆ ಮರಳಿದ್ದು ಒಂದೇ ಮಗು. ಉಳಿದದ್ದೆಲ್ಲ ಲಾರಿ ಹತ್ತಿ ಹೋದ ಮಕ್ಕಳು. ಅವರು ಇನ್ನೂ ಶಾಲೆಯ ಹೊರಗೇ ಇರಬಹುದು, ಬೇರೆ ತಾಲ್ಲೂಕಿನ ಯಾವುದೋ ಇಟ್ಟಿಗೆ ಭಟ್ಟಿಯ ಹತ್ತಿರ.

ಇನ್ನೊಂದು ಥರವೂ ಆಗಿರಬಹುದು. ಉಳಿದ 30 ಮಕ್ಕಳಲ್ಲಿ ಹೊರಗಿದ್ದವರು 11ರಿಂದ 3ಕ್ಕೆ ಇಳಿದಿದ್ದಾರೆ, ಹೋದವರಲ್ಲಿ 5, ಬಂದವರಲ್ಲಿ 5. ಆಗಲೂ ಮೊತ್ತ 16 ಮತ್ತು 8. ಈ ಲೆಕ್ಕದಲ್ಲಿ ನಿಮ್ಮ ಭಾನುವಾರಗಳು ಸಾರ್ಥಕ. ಎರಡೂ ಊರುಗಳು ಬೇರೆಬೇರೆ, ಆದರೆ ಮೇಲಿನಿಂದ ನೋಡಿದರೆ ಒಂದೇ ಶೇಕಡಾ. ಯಾವುದು ನಿಮ್ಮ ಊರು ಅನ್ನುವುದು ಗೊತ್ತಾಗಬೇಕಾದರೆ ಹಾಳೆಯಲ್ಲಿ ಒಂದು ಕಾಲಂ ಸೇರಿಸಿ: ಉಳಿದವರು, ಹೋದವರು, ಬಂದವರು. ಹತ್ತು ನಿಮಿಷದ ಕೆಲಸ. ಚಿಕ್ಕ, ಬೇಗ ಬದಲಾಗುವ ಜನವಸತಿಯನ್ನು ಓದುವಾಗ ಮೊದಲು ಮಾಡಬೇಕಾದದ್ದು ಇದು, ಶೇಕಡಾ ಆಮೇಲಿನ ಮಾತು. ನೀವು ಎಣಿಸಿದ್ದು ಖೋಲಿಗಳನ್ನು. ಓದುವವರು ಮಕ್ಕಳು.

ಇದೇ ತಪ್ಪನ್ನು ನಾನೂ ಮಾಡಿದ್ದೇನೆ, ಅದೂ ಸಂಬಳ ತೆಗೆದುಕೊಂಡು. ಕೆಲಸಕ್ಕೆ ಸೇರಿದ ಹೊಸದರಲ್ಲಿ ವಿಜಯಪುರ ಜಿಲ್ಲೆಯ ಒಂದು ಲಂಬಾಣಿ ತಾಂಡಾಕ್ಕೆ ಸಂಕ್ರಾಂತಿ ಆದ ವಾರ ಸಮೀಕ್ಷೆಗೆ ಹೋಗಿದ್ದೆ. ಮುದುಕರು, ಅವರ ಕಾಲಿಗೆ ತೊಡರುವ ಮೊಮ್ಮಕ್ಕಳು, ಅಗಳಿ ಹಾಕಿದ ಬಾಗಿಲುಗಳು. ಬೀಗ ಬಿದ್ದ ಮನೆಗಳನ್ನು ‘ಖಾಲಿ’ ಅಂತ ಗುರುತು ಹಾಕಿ, ವರದಿಯಲ್ಲಿ ‘ವೃದ್ಧರ ಪ್ರಮಾಣ ಅಸಾಧಾರಣ’ ಎಂದು ಗಂಭೀರವಾಗಿ ಬರೆದೆ. ಮೇಲಿನವರೂ ಮೆಚ್ಚಿದರು. ಬಿಟ್ಟುಹೋದ ಒಂದಿಷ್ಟು ವಿವರಕ್ಕೆಂದು ಹೋಳಿ ಹಬ್ಬದ ಹೊತ್ತಿಗೆ ಮತ್ತೆ ಹೋದರೆ ಕಾಲಿಡಲು ಜಾಗವಿಲ್ಲ. ಗುಳೆ ಹೋದವರೆಲ್ಲ ಹಬ್ಬಕ್ಕೆ ಬಂದಿದ್ದರು, ರಾತ್ರಿಯಿಡೀ ಲೇಂಗಿ ಹಾಡು. ಒಬ್ಬ ಅಜ್ಜ ನಕ್ಕು ಹೇಳಿದ: “ನೀ ಬಂದಾಗ ಊರು ಗೋವಾದಾಗಿತ್ತವ್ವಾ.” ಆ ಮಾತನ್ನು ಮೀರಿಸುವ ವ್ಯಾಖ್ಯೆ ನನಗೆ ಯಾವ ಪಠ್ಯದಲ್ಲೂ ಸಿಕ್ಕಿಲ್ಲ.

ನೀವು ಬಾಡಿಗೆಗಿರುವ ಪಿಂಪಳೆ ಸೌದಾಗರವೇ ಹಳ್ಳಿ ಸಮೀಕ್ಷೆಯ ಈ ವಿದ್ಯೆಯ ಒಂದು ತವರು ಅನ್ನುವುದು ನಿಮಗೆ ಗೊತ್ತೇ? ಪುಣೆಯ ಕೃಷಿ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಹೆರಾಲ್ಡ್ ಮ್ಯಾನ್ ಆ ಹಳ್ಳಿಯ ಹೊಲ, ಸಾಲ, ಸಂಸಾರಗಳ ಲೆಕ್ಕ ಹಾಕಿ 1917ರಲ್ಲಿ ಪ್ರಕಟಿಸಿದರು. ಹಿಡುವಳಿಯ ಸರಾಸರಿ 1771ರಲ್ಲಿ 40 ಎಕರೆ ಇದ್ದದ್ದು 1914-15ರ ಹೊತ್ತಿಗೆ 7 ಎಕರೆಗೆ ಬಂದಿತ್ತು ಎಂಬ ಅವರ ಅಂಕಿಯನ್ನು ಭಾರತದ ಕೃಷಿಯ ಬಗ್ಗೆ ಬರೆದವರು ಅದೆಷ್ಟು ಸಲ ಎತ್ತಿ ಹೇಳಿದ್ದಾರೋ. ಇವತ್ತು ಅದೇ ಜಾಗದಲ್ಲಿ ಸರ್ವೆ ಮಾಡಿದರೆ ಅಪಾರ್ಟ್‌ಮೆಂಟಿನ ಲಿಫ್ಟುಗಳಲ್ಲಿ ಎಂಜಿನಿಯರುಗಳು ಸಿಗುತ್ತಾರೆ. ‘ನೂರು ವರ್ಷದಲ್ಲಿ ಈ ಹಳ್ಳಿಯ ರೈತರು ಪದವೀಧರರಾದರು’ ಎಂದು ಯಾರಾದರೂ ಬರೆದರೆ ನೀವು ನಗುತ್ತೀರಿ, ಏಕೆಂದರೆ ಅಲ್ಲಿಗೆ ಬಂದವರು ನೀವು. ನೂರು ವರ್ಷದಲ್ಲಿ ಆದದ್ದು ಎದ್ದು ಕಾಣುತ್ತದೆ, ಆರು ತಿಂಗಳಲ್ಲಿ ಆದದ್ದು ಕಾಣುವುದಿಲ್ಲ.

ಇನ್ನು ಸರ್ಕಾರಿ ಸಮೀಕ್ಷೆಯ ಪ್ರಶ್ನೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, ಅಂದರೆ ಎನ್‌ಎಫ್‌ಎಚ್‌ಎಸ್, ನಮ್ಮ ಮುಂಬೈಯ ದೇವನಾರಿನಲ್ಲಿರುವ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯ ಮೂಲಕ ನಡೆಯುತ್ತ ಬಂದದ್ದು. 2019-21ರ ಐದನೆಯ ಸುತ್ತಿನಲ್ಲಿ ದೇಶದ 707 ಜಿಲ್ಲೆಗಳಲ್ಲಿ 6,36,699 ಮನೆಗಳನ್ನು ಮಾತಾಡಿಸಿದರು. ಕೇಳಲು ಸಮುದ್ರದಷ್ಟು. ಭಾಗಿಸಿದರೆ ಜಿಲ್ಲೆಗೆ ಸರಾಸರಿ 900 ಮನೆ. ಆ ಮನೆಗಳನ್ನೂ ಒಂದೊಂದು ಆಯ್ದ ಹಳ್ಳಿ ಅಥವಾ ವಾರ್ಡಿನಲ್ಲಿ 22ರಂತೆ ಆರಿಸುತ್ತಾರೆ, ಅಂದರೆ ಜಿಲ್ಲೆಗೆ ನಲವತ್ತು ಚಿಲ್ಲರೆ ಜಾಗ. 2011ರ ಜನಗಣತಿಯಲ್ಲೇ 94 ಲಕ್ಷ ಜನರಿದ್ದ ಪುಣೆ ಜಿಲ್ಲೆಯಲ್ಲಿ ನಿಮ್ಮ ಹಳ್ಳಿ ಆ ಪಟ್ಟಿಗೆ ಬಿದ್ದಿರುವ ಸಾಧ್ಯತೆ ತೀರಾ ಕಡಿಮೆ. ಬಿದ್ದಿದ್ದರೂ ನಿಮಗೆ ತಿಳಿಯುವುದಿಲ್ಲ, ಹಳ್ಳಿಯ ಹೆಸರನ್ನು ಹೊರಗೆ ಬಿಡುವುದಿಲ್ಲ. ತಿಳಿದರೂ ಪ್ರಯೋಜನವಿಲ್ಲ: 22 ಮನೆಗಳಿಂದ ಬಂದ ಶೇಕಡಾ 50 ಅನ್ನುವುದು ನಿಜದಲ್ಲಿ 30 ಆಗಿರಬಹುದು, 70ಕ್ಕೂ ಹೋಗಬಹುದು. ಆ ಸಮೀಕ್ಷೆ ಕೆಟ್ಟದ್ದು ಅಂತಲ್ಲ, ಅದನ್ನು ಕಟ್ಟಿದ್ದು ಜಿಲ್ಲೆಯ ಬಗ್ಗೆ ಮಾತಾಡಲು. ಹೊಲ ಅಳೆಯುವ ಸರಪಳಿಯಿಂದ ಜಂಪರಿಗೆ ಅಳತೆ ತೆಗೆದ ಹಾಗೆ ಆಗುತ್ತದೆ.

ನಿಮ್ಮಂಥ ಜಾಗಗಳಿಗೆ ಇನ್ನೊಂದು ತೊಡಕಿದೆ. ಯಾವ ಹಳ್ಳಿಗೆ ಹೋಗಬೇಕು ಎಂಬ ಆಯ್ಕೆ ನಡೆದದ್ದು 2011ರ ಜನಗಣತಿಯ ಪಟ್ಟಿಯಿಂದ. 2021ರ ಗಣತಿ ನಡೆಯಲೇ ಇಲ್ಲ, ಮುಂದಿನದಕ್ಕೆ 2027ರ ಮಾರ್ಚ್ 1 ಎಂದು ಗೊತ್ತುಮಾಡಿದ್ದಾರೆ. ರಾಂಜಣಗಾಂವ್, ಸಣಸವಾಡಿ, ಶಿಕ್ರಾಪುರದ ಸುತ್ತಿನ ಹಳ್ಳಿಗಳು ಈ ನಡುವೆ ಎಷ್ಟು ಹಿಗ್ಗಿವೆ ಅನ್ನುವುದನ್ನು ನೀವು ವಾರವಾರ ಕಣ್ಣಾರೆ ನೋಡುತ್ತೀರಿ. ಪಟ್ಟಿಯಲ್ಲಿ ಅವು ಇನ್ನೂ ಹಳೆಯ ಗಾತ್ರದಲ್ಲೇ ಇವೆ. ಆಯ್ಕೆಯಾದ ಹಳ್ಳಿಯಲ್ಲಿ ಮನೆಪಟ್ಟಿಯನ್ನು ಹೊಸದಾಗಿ ಮಾಡುತ್ತಾರೆ, ತೂಕ ಹಾಕಿ ಸರಿದೂಗಿಸುತ್ತಾರೆ, ಅದೆಲ್ಲ ನಿಜ. ಆದರೆ ತಗಡಿನ ಶೆಡ್ಡಿಗೆ ಮನೆಪಟ್ಟಿಯಲ್ಲಿ ನಂಬರು ಬೀಳುತ್ತದೆಯೇ ಅನ್ನುವುದು ಪಟ್ಟಿ ಮಾಡುವವನ ಆ ದಿನದ ಸಹನೆಯ ಮೇಲೆ ನಿಂತಿದೆ. ಅಲ್ಲದೆ ಆ ಐದನೆಯ ಸುತ್ತಿನ ಮಹಾರಾಷ್ಟ್ರದ ಕೆಲಸ ಲಾಕ್‌ಡೌನಿಗೆ ಮುಂಚೆಯೇ ಮುಗಿದಿತ್ತು. ಆಮೇಲೆ ಈ ಖೋಲಿಗಳೆಲ್ಲ ಒಮ್ಮೆ ಬರಿದಾಗಿ ಮತ್ತೆ ತುಂಬಿವೆ.

ದೊಡ್ಡ ಸಮೀಕ್ಷೆಯಿಂದ ಚಿಕ್ಕ ಜಾಗಕ್ಕೆ ಅಂದಾಜು ಇಳಿಸುವ ವಿದ್ಯೆ ಇಲ್ಲದಿಲ್ಲ. ಅಮೆರಿಕದಲ್ಲಿ ಫೇ ಮತ್ತು ಹೆರಿಯಟ್ ಎಂಬಿಬ್ಬರು 1979ರಲ್ಲಿ, ಸಾವಿರಕ್ಕಿಂತ ಕಡಿಮೆ ಜನರಿದ್ದ ಊರುಗಳ ಆದಾಯವನ್ನು, ಊರಿನ ಸ್ವಂತ ತೆಳು ಮಾದರಿ (ಸ್ಯಾಂಪಲ್) ಮತ್ತು ಬೇರೆ ದಾಖಲೆಗಳಿಂದ ಕಟ್ಟಿದ ಅಂದಾಜು ಎರಡನ್ನೂ ಹದವಾಗಿ ಬೆರೆಸಿ ಲೆಕ್ಕ ಹಾಕುವ ದಾರಿ ತೋರಿಸಿದರು. ಅಲ್ಲಿನ ಜನಗಣತಿ ಇಲಾಖೆ 65,000ಕ್ಕಿಂತ ಕಡಿಮೆ ಜನರಿರುವ ಜಾಗಗಳಿಗೆ ಒಂದೊಂದು ವರ್ಷದ ಪೂರ್ಣ ಅಂಕಿಯನ್ನು ಬಿಡಿಯಾಗಿ ಕೊಡುವುದಿಲ್ಲ, ಐದು ವರ್ಷದ್ದನ್ನು ಕೂಡಿಸಿ ಕೊಡುತ್ತದೆ. ನಿಂತ ಊರಿಗೆ ಇದು ಚೆನ್ನ. ಆರು ತಿಂಗಳಿಗೆ ಮೂರರಲ್ಲಿ ಒಂದು ಮನೆ ಬದಲಾಗುವ ನಿಮ್ಮ ಸಾಲಿಗೆ ಐದು ವರ್ಷದ ಸರಾಸರಿ ಯಾರ ಸರಾಸರಿ? ಅಲ್ಲಿ ಎಂದೂ ಒಟ್ಟಿಗೆ ಇರದ ಜನರದು.

ಹಾಗಾಗಿ ನಿಮ್ಮ ಸರ್ವೆಗೇ ಮರಳೋಣ. 140 ಖೋಲಿಗೆ ಸ್ಯಾಂಪಲ್ ಏಕೆ ತೆಗೆದಿರಿ? ಎಂಟು ಜನ ಇದ್ದೀರಿ, ತಲಾ 17-18 ಖೋಲಿ. ಎರಡು ಭಾನುವಾರದಲ್ಲಿ ಎಲ್ಲವನ್ನೂ ನೋಡಬಹುದು. ಮಾದರಿ ಅನ್ನುವುದು ಎಲ್ಲರನ್ನೂ ಕೇಳಲಾಗದವರ ಉಪಾಯ. ಇನ್ನು ‘ಬಾಗಿಲು ತೆರೆದಿದ್ದ’ ಖೋಲಿ ಅಂದಿರಿ. ಗಂಡಹೆಂಡತಿ ಇಬ್ಬರೂ ಸೈಟಿಗೆ ಹೋದರೆ ಬಾಗಿಲಿಗೆ ಬೀಗ, ಮಗು ಅವರ ಜೊತೆ ಮರಳಿನ ರಾಶಿಯ ಮೇಲೆ. ಬಾಗಿಲು ತೆರೆದಿದ್ದರೆ ಒಳಗೆ ಒಬ್ಬ ಅಜ್ಜಿಯೋ, ತಮ್ಮನನ್ನು ಎತ್ತಿಕೊಂಡ ಹತ್ತು ವರ್ಷದ ಹುಡುಗಿಯೋ ಇರುತ್ತಾರೆ. ನಿಮ್ಮ 60 ಮನೆಗಳು ಆ 140ರ ನೆರಳಲ್ಲ, ಬೇರೆಯದೇ ಥರದ 60. ಅಲ್ಲಿ ಕೆಲಸಕ್ಕೆ ವಾರದ ರಜೆ ಯಾವತ್ತು ಅಂತ ಕೂಲಿಯವರನ್ನು ಕರೆತರುವ ಮುಕಾದಮನನ್ನು ಕೇಳಿಕೊಂಡು ಆ ದಿನ ಹೋಗಿ. ಪಗಾರ ಆದ ದಿನ ಮಾತ್ರ ಬೇಡ, ಸಂತೆಗೆ ಹೋಗಿರುತ್ತಾರೆ.

ಶೇಕಡಾ 33ರಿಂದ 16ಕ್ಕೆ ಇಳಿದ 17 ಶೇಕಡಾ ಅಂಶಗಳ ಮಾತೂ ಒಂದಿಷ್ಟು ಇದೆ. 48 ಮತ್ತು 50 ಮಕ್ಕಳ ಎರಡು ಬೇರೆಬೇರೆ ಮಾದರಿಗಳ ನಡುವಿನ ವ್ಯತ್ಯಾಸಕ್ಕೆ ಲೆಕ್ಕದ ಪ್ರಕಾರ ಎಡಕ್ಕೂ ಬಲಕ್ಕೂ 17 ಅಂಶದಷ್ಟೇ ಅಲುಗಾಟವಿರುತ್ತದೆ. ನಿಜವಾದ ಇಳಿಕೆ ಸೊನ್ನೆಗೆ ಹತ್ತಿರವೂ ಇರಬಹುದು, 34ಕ್ಕೆ ಹತ್ತಿರವೂ ಇರಬಹುದು. 140ರಲ್ಲಿ 60 ನೋಡಿದ್ದರಿಂದ ಅಲುಗಾಟ ತುಸು ಕಡಿಮೆಯಾಗುತ್ತದೆ ನಿಜ, ಆದರೆ ಒಂದೇ ಮನೆಯ ಅಕ್ಕತಮ್ಮಂದಿರು ಒಟ್ಟಿಗೇ ಶಾಲೆ ಬಿಡುತ್ತಾರೆ. 48 ಮಕ್ಕಳು ಅಂದರೆ 48 ಬೇರೆಬೇರೆ ಸಾಕ್ಷಿಗಳಲ್ಲ. ಉಳಿತಾಯವಾದದ್ದನ್ನು ಅದು ತಿಂದುಹಾಕುತ್ತದೆ. ಹಾಗೆಯೇ ಊರಿನ ಹೆರಿಗೆ ಲೆಕ್ಕ ಬರೆಯುತ್ತೀರಾದರೆ ಎಚ್ಚರ: 40 ಹೆರಿಗೆಯಲ್ಲಿ 23 ಗಂಡು, 17 ಹೆಣ್ಣು ಅಂದರೆ ಸಾವಿರಕ್ಕೆ 739 ಹೆಣ್ಣು ಅಂತ ಪೇಪರಿನವರು ದಪ್ಪ ಅಕ್ಷರದಲ್ಲಿ ಹಾಕುತ್ತಾರೆ. ನಾಣ್ಯ ಚಿಮ್ಮಿದರೂ ಅಷ್ಟು ಹೆಚ್ಚುಕಡಿಮೆ ಬರುತ್ತದೆ.

ಮೇ ತಿಂಗಳ ಪ್ರಶ್ನೆಯಲ್ಲೂ ಒಂದು ತೊಡಕಿದೆ. “ಹುಡುಗ ಸಾಲಿಗೆ ಹೋಗ್ತಾನೇನು?” ಎಂದು ರಜೆಯಲ್ಲಿ ಕೇಳಿದರೆ ಯಾರಾದರೂ ಏನು ಹೇಳಬೇಕು? ಅದರ ಮೇಲೆ, ಎಷ್ಟೋ ಮಕ್ಕಳ ಹೆಸರು ಇಂಡಿ, ಸಿಂದಗಿ, ಶೋರಾಪುರ ಕಡೆಯ ಶಾಲೆಯ ಹಾಜರಿ ಪುಸ್ತಕದಲ್ಲಿ ಇರುತ್ತದೆ, ಹುಡುಗ ಇಲ್ಲಿರುತ್ತಾನೆ. ತಾಯಿ ‘ಹೋಗ್ತಾನ್ರೀ’ ಅನ್ನುತ್ತಾಳೆ, ಅದು ಸುಳ್ಳೂ ಅಲ್ಲ. ಪ್ರಶ್ನೆಯನ್ನು ಒಡೆಯಿರಿ: ಹೆಸರು ಯಾವ ಶಾಲೆಯಲ್ಲಿದೆ, ಕೊನೆಗೆ ಯಾವತ್ತು ಶಾಲೆಯೊಳಗೆ ಕೂತಿದ್ದ, ಆಗ ಎಲ್ಲಿದ್ದಿರಿ. ತಾರೀಖು ಯಾರಿಗೂ ನೆನಪಿರುವುದಿಲ್ಲ. ಹಬ್ಬ ನೆನಪಿರುತ್ತದೆ. ನಾಗರಪಂಚಮಿಗೆ ಎಲ್ಲಿದ್ದಿರಿ, ದಸರೆಗೆ, ದೀಪಾವಳಿಗೆ, ಸಂಕ್ರಾಂತಿಗೆ, ಹೋಳಿಗೆ, ಯುಗಾದಿಗೆ, ಕಾರಹುಣ್ಣಿಮೆಗೆ? ಒಂದು ಹಾಳೆಯಲ್ಲಿ ಹಬ್ಬಗಳ ಸಾಲು ಬರೆದುಕೊಂಡು ಮನೆಯ ಒಬ್ಬೊಬ್ಬರಿಗೂ ಗೆರೆ ಎಳೆಯಿರಿ. ವಯಸ್ಸಿಗೂ ಇದೇ ಉಪಾಯ. ಕೇಳಿದರೆ ಎಲ್ಲ ಮಕ್ಕಳಿಗೂ ಐದು ಇಲ್ಲವೇ ಹತ್ತು ವರ್ಷ. “ಲಾಕ್‌ಡೌನ್ ಆದಾಗ ಹುಟ್ಟಿತ್ತಾ, ನಡೀತಿತ್ತಾ?” ಎಂದು ಕೇಳಿ, 2020ರ ಮಾರ್ಚ್ ಕೊನೆಯಿಂದ ಎಣಿಸಿದರೆ ಆಯಿತು. ನಿಮ್ಮ ಲೆಕ್ಕಕ್ಕೆ ಆರು ವರ್ಷ ಅನ್ನುವುದು ಹೊಸ್ತಿಲು, ಒಂದು ವರ್ಷ ತಪ್ಪಿದರೆ ಮಗು ಒಳಗಿನಿಂದ ಹೊರಗೆ ಬೀಳುತ್ತದೆ.

ಆ ಗೆರೆಗಳಿದ್ದರೆ ತಲೆ ಎಣಿಸುವ ಬದಲು ತಿಂಗಳು ಎಣಿಸಬಹುದು. ನಾಲ್ಕು ತಿಂಗಳು ಇದ್ದ ಮಗುವಿನಿಂದ ನಾಲ್ಕು ತಿಂಗಳು, ಹನ್ನೆರಡು ಇದ್ದ ಮಗುವಿನಿಂದ ಹನ್ನೆರಡು. ಅದರಲ್ಲಿ ಶಾಲೆಗೆ ಹೋದ ತಿಂಗಳು ಎಷ್ಟು? ಹೀಗೆ ಕೇಳಿದಾಗ ಬಂದುಹೋಗುವವರನ್ನು ಲೆಕ್ಕದ ಹೊರಗೂ ಹಾಕಬೇಕಿಲ್ಲ, ನಿಂತವರ ಜೊತೆ ಸಮ ತೂಗಲೂ ಬೇಕಿಲ್ಲ. ಇದು ನನ್ನ ಕಲ್ಪನೆಯಲ್ಲ. ಬಾಂಗ್ಲಾದೇಶದ ಮತ್ಲಬ್‌ನಲ್ಲಿ 1966ರಿಂದ ಹಳ್ಳಿಗಳ ಹುಟ್ಟು, ಸಾವು, ಬರುವಿಕೆ, ಹೋಗುವಿಕೆಗಳನ್ನು ಬಿಡದೆ ಬರೆದುಕೊಂಡು ಬಂದಿದ್ದಾರೆ. ಅಷ್ಟು ದೂರವೇಕೆ, ನಿಮ್ಮ ಶಿರೂರು ತಾಲ್ಲೂಕಿನ ವಢು ಬುದ್ರುಕದಲ್ಲಿ ಪುಣೆಯ ಕೆಇಎಂ ಆಸ್ಪತ್ರೆಯ ಸಂಶೋಧನಾ ಕೇಂದ್ರದವರು 2002ರಿಂದ 22 ಹಳ್ಳಿಗಳಲ್ಲಿ ಇದೇ ಕೆಲಸ ಮಾಡುತ್ತಿದ್ದಾರೆ. ಕಾರ್ಖಾನೆಗಳು ಬಂದು ಹೊರಗಿನವರು ತುಂಬಿದ ಹಳ್ಳಿಗಳೇ ಅವೂ. ಒಂದು ದಿನ ರಜೆ ಹಾಕಿ ಹೋಗಿ, ಮನೆಮನೆಗೆ ತಿರುಗುವವರ ಜೊತೆ ಚಹಾ ಕುಡಿದು ಬನ್ನಿ. ‘ನಿವಾಸಿ’ ಅಂದರೆ ಯಾರು ಅನ್ನುವುದಕ್ಕೆ ಅವರಿಗೆ ಬಿಗಿಯಾದ ನಿಯಮ ಇಟ್ಟುಕೊಳ್ಳಬೇಕಾಗುತ್ತದೆ. ನಿಮಗೂ ಒಂದು ಬೇಕು. ಜನಗಣತಿಯವರು ಒಂದೇ ಅಡುಗೆಮನೆಯಿಂದ ಉಣ್ಣುವವರನ್ನು ಒಂದು ಮನೆತನ ಎನ್ನುತ್ತಾರೆ. ಒಂದು ಖೋಲಿಯಲ್ಲಿ ಎರಡು ಒಲೆ ಇದ್ದರೆ ಎರಡು ಮನೆ, ಹಾಗೇ ಬರೆಯಿರಿ. ಮನೆಗೆ ಕೊಡುವ ನಂಬರು ಖೋಲಿಯದಾಗದೆ ಕುಟುಂಬದ್ದಾಗಿರಲಿ. ಅವರು ಸಾಲಿನ ಆ ತುದಿಗೆ ಖೋಲಿ ಬದಲಿಸಿದರೆ ನಂಬರೂ ಅವರ ಜೊತೆ ಹೋಗಬೇಕು.

ಎಷ್ಟು ಎಚ್ಚರದಿಂದ ತಿರುಗಿದರೂ ಕೆಲವರು ತಪ್ಪುತ್ತಾರೆ. ಎಷ್ಟು ಮಂದಿ ಅಂತ ತಿಳಿಯಲು ಎರಡನೆಯ ಪಟ್ಟಿ ಬೇಕು. ಅಂಗನವಾಡಿ ಸೇವಿಕಾ ಇಟ್ಟ ರಿಜಿಸ್ಟರು ಇರುತ್ತದೆ. ಅದಕ್ಕಿಂತ ಚೊಕ್ಕ ಪಟ್ಟಿ, ನನ್ನ ಅನುಭವದಲ್ಲಿ, ಕಿರಾಣಿ ಅಂಗಡಿಯವನ ಉದ್ರಿ ಪುಸ್ತಕ. ಯಾರು ಬಂದರು, ಯಾರು ಹೋದರು, ಯಾರು ಹೇಳದೆ ಹೋದರು ಅನ್ನುವುದು ಅವನಷ್ಟು ಯಾರಿಗೂ ಗೊತ್ತಿರುವುದಿಲ್ಲ. ನಿಮ್ಮ ಪಟ್ಟಿಯಲ್ಲಿ 120 ಕುಟುಂಬ, ಅವನ ಪುಸ್ತಕದಲ್ಲಿ 90, ಎರಡರಲ್ಲೂ ಇರುವವರು 72 ಅಂತಿಟ್ಟುಕೊಳ್ಳಿ. 120ನ್ನು 90ರಿಂದ ಗುಣಿಸಿ 72ರಿಂದ ಭಾಗಿಸಿದರೆ 150. ಅಂದರೆ 30 ಕುಟುಂಬಗಳನ್ನು ನೀವು ನೋಡೇ ಇಲ್ಲ. ಈ ಲೆಕ್ಕವನ್ನು ಹುಟ್ಟುಸಾವುಗಳಿಗೆ ಹೊಂದಿಸಿ 1949ರಲ್ಲಿ ಬರೆದವರು ಜನಸಂಖ್ಯಾ ತಜ್ಞ ಸಿ. ಚಂದ್ರಶೇಖರನ್ ಮತ್ತು ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಡೆಮಿಂಗ್. ಕೋಲ್ಕತ್ತದ ಹತ್ತಿರದ ಸಿಂಗೂರಿನಲ್ಲಿ ರಿಜಿಸ್ಟ್ರಾರರ ಪಟ್ಟಿಯನ್ನೂ ಮನೆಮನೆ ಸರ್ವೆಯ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಕನ್ನಡಿಗರಿಗೆ ಈ ಚಂದ್ರಶೇಖರನ್ ಪೂರಾ ಹೊರಗಿನವರಲ್ಲ, 1951-52ರಲ್ಲಿ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಸೇರಿ ನಡೆಸಿದ ಮೈಸೂರು ಜನಸಂಖ್ಯಾ ಅಧ್ಯಯನದ ಮುಂದಾಳು ಅವರೇ. ನಮ್ಮ ದೇಶದ ಹುಟ್ಟುಸಾವಿನ ಪ್ರಮಾಣ ಹೇಳುವ ಮಾದರಿ ನೋಂದಣಿ ವ್ಯವಸ್ಥೆ ಇವತ್ತಿಗೂ ಎರಡು ಪಟ್ಟಿ ತಾಳೆ ನೋಡುವ ಈ ಬುದ್ಧಿಯ ಮೇಲೇ ನಡೆಯುತ್ತದೆ. ನಿಮ್ಮ ಎರಡೂ ಪಟ್ಟಿ ಒಂದೇ ವಾರದ್ದಾಗಿರಲಿ, ನಡುವೆ ಒಂದು ಅಮಾವಾಸ್ಯೆ ಬಂದರೂ ಜನ ಕದಲುತ್ತಾರೆ. ಉದ್ರಿ ಸಿಗದ ಬಡವರು ಅಂಗಡಿಯವನ ಪುಸ್ತಕದಲ್ಲಿ ಇರುವುದಿಲ್ಲ, ನಿಮ್ಮ ಕಣ್ಣಿಗೂ ಬೀಳದವರು ಬಹಳಮಟ್ಟಿಗೆ ಅವರೇ. ಹಾಗಾಗಿ 150 ಅನ್ನುವುದನ್ನು ‘ಕನಿಷ್ಠ’ ಅಂತ ಓದಿಕೊಳ್ಳಿ.

ಈ ಪಟ್ಟಿ ಯಾರ ಕೈಗೂ ಹೋಗಬಾರದು. ಮುಕಾದಮ ಕೇಳುತ್ತಾನೆ, ಏಕೆಂದರೆ ಮುಂಗಡ ತೆಗೆದುಕೊಂಡು ಹೋದವರು ಯಾರು ಅಂತ ಅವನಿಗೆ ಬೇಕು. ಖೋಲಿ ಮಾಲೀಕ, ಚುನಾವಣೆ ಹತ್ತಿರ ಬಂದರೆ ಇನ್ನೊಬ್ಬರು, ಎಲ್ಲರೂ ಕೇಳುತ್ತಾರೆ. ಕಂಪನಿಯವರಿಗೂ ಹೆಸರಿಲ್ಲದ ಅಂಕಿ ಸಾಕು. 140 ಖೋಲಿಯ ಸಾಲಿನಲ್ಲಿ ಹೆಸರು ತೆಗೆದರೂ ಸಾಲದು: ‘ಶಾಲೆ ಬಿಟ್ಟ ಮಗುವಿರುವ ವಿಧವೆ, ಯಾದಗಿರಿ: 1’ ಎಂದು ಬರೆದರೆ ಆ ಊರಿನ ನಾಯಿಗೂ ಅದು ಯಾರ ಮನೆ ಅಂತ ಗೊತ್ತಾಗುತ್ತದೆ. ಐದಕ್ಕಿಂತ ಕಡಿಮೆ ಬರುವ ಅಂಕಿಗಳನ್ನು ಕೂಡಿಸಿ ಬರೆಯಿರಿ, ಇಲ್ಲವೇ ಬಿಡಿ. ಈ ವಿಷಯದಲ್ಲಿ ನಾನು ಹಟಮಾರಿ. ಇದಕ್ಕಾಗಿ ಅರ್ಧ ಕೋಷ್ಟಕ ಖಾಲಿ ಬಿದ್ದರೂ ಅಡ್ಡಿಯಿಲ್ಲ.

ಕಂಪನಿಗೆ ಈಗ ಬರೆಯಬಹುದಾದದ್ದು ಇಷ್ಟು: ನವೆಂಬರ್‌ನಲ್ಲಿ ನೋಡಿದ 60 ಕುಟುಂಬಗಳಲ್ಲಿ 38 ಮೇ ತಿಂಗಳಲ್ಲೂ ಇದ್ದವು, ಆ ಮನೆಗಳಲ್ಲಿ ಶಾಲೆಯ ಹೊರಗಿದ್ದ ಇಷ್ಟು ಮಕ್ಕಳಲ್ಲಿ ಇಷ್ಟು ಮಕ್ಕಳು ಮರಳಿದ್ದಾರೆ, 22 ಕುಟುಂಬಗಳು ಹೋಗಿವೆ, ಅವರ ಮಕ್ಕಳ ವಿಷಯ ವಿಚಾರಿಸುತ್ತಿದ್ದೇವೆ. ಅಂಕಿಗಳನ್ನು ನಿಮ್ಮ ಹೊಸ ಕಾಲಂ ನೋಡಿ ತುಂಬಿ. ‘ವಿಚಾರಿಸುತ್ತಿದ್ದೇವೆ’ ಅಂತ ಬರೆದ ಮೇಲೆ ವಿಚಾರಿಸಲೇಬೇಕು. ನವೆಂಬರ್‌ನ ಹಾಳೆಯಲ್ಲಿ ಫೋನ್ ನಂಬರು ಬರೆದುಕೊಂಡಿದ್ದರೆ ಈ ವಾರವೇ ಒಬ್ಬೊಬ್ಬರಿಗೂ ಫೋನ್ ಮಾಡಿ, ರಾತ್ರಿ ಊಟದ ಹೊತ್ತಿಗೆ. ಕಾರಹುಣ್ಣಿಮೆ ದಾಟಿ ಬಿತ್ತನೆ ಶುರುವಾದರೆ ಯಾರೂ ಎತ್ತುವುದಿಲ್ಲ.